ಸಿಂಗಲ್ ಸಿಲಿಂಡರ್ ಬೈಕ್‌ನ ವೈಬ್ರೇಶನ್: ಎಂಜಿನ್ ಬಿಚ್ಚಿಸುವ ಮೊದಲು ಏನೇನು ನೋಡಬೇಕು

ಬೈಕ್ ಅದುರುತ್ತಿದೆ ಅಂತ ಗ್ಯಾರೇಜಿಗೆ ಹೋದರೆ ಎಷ್ಟೋ ಕಡೆ ಮೊದಲು ಕೇಳಿಬರುವ ಮಾತು, "ಎಂಜಿನ್ ಕೆಲಸ ಬಂದಿದೆ ಸಾರ್." ಕೆಲವು ಸಲ ಅದು ನಿಜವೇ ಇರುತ್ತೆ. ಆದರೆ ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಒಂದು ಸಡಿಲ ಫೌಂಡೇಶನ್ ಬೋಲ್ಟ್, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಇರುವ ಚೈನ್, ಹಿಂದಿನ ಚಕ್ರದೊಳಗೆ ಒಣಗಿ ಪುಡಿಯಾದ ಹಬ್ ರಬ್ಬರ್ ಕೂಡ ಕೈ ಜೋಮು ಹಿಡಿಸುವಷ್ಟು ಅದುರಿಸಬಲ್ಲವು. ಇವನ್ನೆಲ್ಲ ನೋಡದೆ ಎಂಜಿನ್ ಬಿಚ್ಚಿಸಿದರೆ ದುಡ್ಡೂ ಹೋಗುತ್ತೆ, ಅದುರುವುದೂ ಹಾಗೇ ಉಳಿಯುತ್ತೆ. ಅದಕ್ಕೇ ಇಲ್ಲಿ ಹೊರಗಿನಿಂದ ಒಳಕ್ಕೆ ಹೋಗೋಣ. ಎಂಜಿನ್ ಬಿಚ್ಚುವುದು ಕೊನೆಯ ಕೆಲಸ.

ಬಹಳ ಸಲಕರಣೆ ಬೇಡ. ಒಂದು ರಿಂಗ್ ಸ್ಪ್ಯಾನರ್ ಸೆಟ್, ಟಿ ಸ್ಪ್ಯಾನರ್, ಸ್ಕ್ರೂಡ್ರೈವರ್, ಸ್ಕೇಲ್, ಟಾರ್ಚ್, ಬಿಳಿ ಪೇಂಟ್ ಮಾರ್ಕರ್ ಇದ್ದರೆ ಮುಕ್ಕಾಲು ಪಾಲು ಕೆಲಸ ಆಗುತ್ತೆ. ಟಾರ್ಕ್ ರೆಂಚ್ ಸಿಕ್ಕಿದರೆ ಇನ್ನೂ ಒಳ್ಳೆಯದು. ನಿಮ್ಮ ಬೈಕಿನ ಓನರ್ಸ್ ಮ್ಯಾನ್ಯುಯಲ್ ಪಕ್ಕದಲ್ಲೇ ಇರಲಿ.

ಅದುರು ಹುಟ್ಟುವುದು ಎಲ್ಲಿ

ಪಿಸ್ಟನ್ ಮೇಲಕ್ಕೆ ಹೋಗಿ ನಿಲ್ಲಬೇಕು, ತಿರುಗಿ ಕೆಳಗೆ ಬಂದು ಮತ್ತೆ ನಿಲ್ಲಬೇಕು. 3,000 ಆರ್‌ಪಿಎಂ (ನಿಮಿಷಕ್ಕೆ 3,000 ಸುತ್ತು) ಅಂದರೆ ಸೆಕೆಂಡಿಗೆ 50 ಸಲ ಈ ಓಡಾಟ. ಅದನ್ನು ತಡೆದು ನಿಲ್ಲಿಸುವ, ಮತ್ತೆ ಎಳೆಯುವ ಬಲವೆಲ್ಲ ಪಿಸ್ಟನ್ನಿನ ಓಡಾಟವನ್ನು ಸುತ್ತಾಗಿ ಬದಲಿಸುವ ಕ್ರ್ಯಾಂಕ್‌ನ ಬೇರಿಂಗ್ ಮೂಲಕ ಎಂಜಿನ್ ಕೇಸಿಗೆ ಬರುತ್ತೆ, ಅಲ್ಲಿಂದ ಫ್ರೇಮಿಗೆ, ಕೊನೆಗೆ ನಿಮ್ಮ ಅಂಗೈಗೆ. ನಾಲ್ಕು ಸಿಲಿಂಡರ್ ಇರುವ ಸಾಮಾನ್ಯ ಎಂಜಿನ್‌ನಲ್ಲಿ ಎರಡು ಪಿಸ್ಟನ್ ಮೇಲೆ ಹೋಗುವಾಗ ಎರಡು ಕೆಳಗೆ ಬರುತ್ತವೆ. ಹಾಗಾಗಿ ಬಲ ಬಹುಮಟ್ಟಿಗೆ ಒಂದಕ್ಕೊಂದು ಸರಿಹೋಗುತ್ತೆ. ಸಿಂಗಲ್‌ನಲ್ಲಿ ಎದುರಿಗೆ ಎಳೆಯುವ ಪಿಸ್ಟನ್ನೇ ಇಲ್ಲ.

ಲೆಕ್ಕ ಹಾಕಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತೆ. 2021ಕ್ಕೆ ಮೊದಲಿನ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ತೆಗೆದುಕೊಳ್ಳಿ. 346 ಸಿಸಿ, ಬೋರ್ (ಸಿಲಿಂಡರಿನ ಒಳ ಅಗಲ) 70 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಡುವ ದೂರ) 90 ಮಿ.ಮೀ. ಪಿಸ್ಟನ್, ಪಿನ್, ರಿಂಗ್, ಕನೆಕ್ಟಿಂಗ್ ರಾಡ್‌ನ ಮೇಲಿನ ತುದಿ ಎಲ್ಲ ಸೇರಿ ಅರ್ಧ ಕೆ.ಜಿ. ಅಂದುಕೊಳ್ಳೋಣ. 2,000 ಆರ್‌ಪಿಎಂನಲ್ಲಿ ಅದು ತುದಿ ಮುಟ್ಟಿ ತಿರುಗುವಾಗ ಹೆಚ್ಚುಕಡಿಮೆ 100 ಕೆ.ಜಿ. ತೂಕದಷ್ಟು ಬಲ ಬೀಳುತ್ತೆ. 4,000ದಲ್ಲಿ 200 ಅಲ್ಲ, 400 ಕೆ.ಜಿ.ಯಷ್ಟು! ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತೆ. 60 ಕಿ.ಮೀ. ವೇಗದಲ್ಲಿ ಹಾಯಾಗಿ ಓಡುವ ಬೈಕ್ 85ಕ್ಕೆ ಹೋದ ಕೂಡಲೇ ಕೈ ಜುಮ್ ಅನ್ನಿಸುವುದು ಇದಕ್ಕೇ.

ಇದನ್ನು ಕಡಿಮೆ ಮಾಡಲು ಕ್ರ್ಯಾಂಕ್‌ಗೆ ಎದುರು ತೂಕ ಕೂರಿಸಿರುತ್ತಾರೆ. ಪಿಸ್ಟನ್ನಿನ ಪೂರ್ತಿ ಬಲಕ್ಕೆ ಸಮನಾಗಿ ಕೂರಿಸಿದರೆ ಮೇಲೆ-ಕೆಳಗೆ ಅದುರುವುದು ನಿಂತು, ಅಷ್ಟೇ ಜೋರಾಗಿ ಹಿಂದೆ-ಮುಂದೆ ಅದುರಲು ಶುರುವಾಗುತ್ತೆ. ಯಾಕಂದ್ರೆ ಪಿಸ್ಟನ್ ನೆಟ್ಟಗೆ ಓಡಾಡುತ್ತೆ, ಎದುರು ತೂಕ ಸುತ್ತುತ್ತೆ. ಹಾಗಾಗಿ ಅರ್ಧದ ಆಸುಪಾಸು ಸರಿದೂಗಿಸಿ ಬಿಟ್ಟಿರುತ್ತಾರೆ. ಉಳಿದ ಅರ್ಧವನ್ನೂ ಹಿಡಿಯಬೇಕು ಅಂದರೆ ಬ್ಯಾಲೆನ್ಸರ್ ಶಾಫ್ಟ್ ಬೇಕು. ಅದು ಕ್ರ್ಯಾಂಕಿನಷ್ಟೇ ವೇಗವಾಗಿ, ಆದರೆ ಉಲ್ಟಾ ದಿಕ್ಕಿನಲ್ಲಿ ತಿರುಗುವ ಒಂದು ತೂಕದ ಶಾಫ್ಟ್.

2020ರ ಕೊನೆಯಲ್ಲಿ ರಾಯಲ್ ಎನ್‌ಫೀಲ್ಡ್‌ನ ಮೀಟಿಯಾರ್ 350 ಜೊತೆ ಬಂದ ಹೊಸ 349 ಸಿಸಿ ಎಂಜಿನ್‌ಗೆ ಈ ಶಾಫ್ಟ್ ಇದೆ. 2021ರ ಸೆಪ್ಟೆಂಬರ್‌ನಲ್ಲಿ ಕ್ಲಾಸಿಕ್‌ಗೂ ಅದೇ ಎಂಜಿನ್ ಬಂತು. ಹಳೆಯ 346 ಸಿಸಿ ಎಂಜಿನ್‌ಗೆ ಇರಲಿಲ್ಲ. ಕೆಟಿಎಂ 390 ಡ್ಯೂಕ್, ಹಿಮಾಲಯನ್ 411, ಹೋಂಡಾ ಸಿಬಿ350 ಇವಕ್ಕೆಲ್ಲ ಬ್ಯಾಲೆನ್ಸರ್ ಇದೆ. ಸ್ಪ್ಲೆಂಡರ್‌ನಂಥ 97.2 ಸಿಸಿ ಬೈಕಿನಲ್ಲಿ ಪಿಸ್ಟನ್ನೇ ಚಿಕ್ಕದು, ಸ್ಟ್ರೋಕ್ 49.5 ಮಿ.ಮೀ. ಮಾತ್ರ, ಅದಕ್ಕೇ ಅಷ್ಟು ಕಾಟ ಕೊಡುವುದಿಲ್ಲ.

ಇದೆಲ್ಲ ಯಾಕೆ ಹೇಳಿದೆ ಅಂದರೆ, ಹಳೆಯ ಬುಲೆಟ್ 90 ಕಿ.ಮೀ. ವೇಗದಲ್ಲಿ ಅದುರುವುದು ಕಾಯಿಲೆ ಅಲ್ಲ, ಅದರ ಜಾಯಮಾನ. ಅದನ್ನು ಪೂರ್ತಿ ನಿಲ್ಲಿಸುತ್ತೇನೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಐಡ್ಲಿಂಗ್‌ನಲ್ಲಿ ಬರುವ ಗುಡ್ ಗುಡ್ ಕೂಡ ಹಾಗೇ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಂದು ಸಲ ಫೈರ್ ಆಗುತ್ತೆ. 1,000 ಆರ್‌ಪಿಎಂ ಇದ್ದರೆ ಸೆಕೆಂಡಿಗೆ ಎಂಟು ಗುದ್ದು, ಒಂದೊಂದೂ ಬೇರೆಬೇರೆಯಾಗಿ ಮೈಗೆ ತಟ್ಟುತ್ತೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ 250 ಸಿಸಿ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್. ಅವು ಪ್ರತಿ ಸುತ್ತಿಗೂ ಫೈರ್ ಆಗುವುದರಿಂದ ಅವುಗಳ ಐಡ್ಲಿಂಗ್ ಬೇರೆಯದೇ ಥರ ಇರುತ್ತೆ.

ನಾವು ಹುಡುಕಬೇಕಾದ್ದು ಮೊದಲು ಇಲ್ಲದೆ ಈಗ ಬಂದದ್ದನ್ನು, ಅಥವಾ ಮೊದಲಿಗಿಂತ ಜಾಸ್ತಿ ಆದದ್ದನ್ನು.

ಹಂತ 1: ಎಲ್ಲಿ, ಯಾವಾಗ, ಎಂಥ ಅದುರು ಅಂತ ಬರೆದಿಟ್ಟುಕೊಳ್ಳಿ

ಎಲ್ಲಿ ಬರುತ್ತಿದೆ: ಹ್ಯಾಂಡಲ್, ಫುಟ್‌ರೆಸ್ಟ್, ಸೀಟ್, ಪೆಟ್ರೋಲ್ ಟ್ಯಾಂಕ್? ಯಾವ ಸ್ಪೀಡಿನಲ್ಲಿ, ಯಾವ ಗೇರಿನಲ್ಲಿ? ಆಕ್ಸಿಲರೇಟರ್ ಕೊಡುವಾಗಲೋ, ಬಿಟ್ಟಾಗಲೋ? ಎಂಜಿನ್ ತಣ್ಣಗಿರುವಾಗಲೋ, ಬಿಸಿಯಾದ ಮೇಲೋ? ಇತ್ತೀಚೆಗೆ ಏನಾದರೂ ಕೆಲಸ ಮಾಡಿಸಿದ್ದೀರಾ? ಲೆಗ್ ಗಾರ್ಡ್ ಹಾಕಿಸಿದ ಮೇಲೆ, ಚೈನ್ ಬದಲಿಸಿದ ಮೇಲೆ, ಬೋರ್ ಮಾಡಿಸಿದ (ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಿದ) ಮೇಲೆ ಶುರುವಾಗಿದ್ದರೆ ಹುಡುಕಾಟ ಅಲ್ಲಿಂದಲೇ ಶುರುವಾಗಲಿ.

ಅದುರಿನ ವೇಗ ಗಮನಿಸುವುದು ಬಹಳ ಮುಖ್ಯ. ಸಾಮಾನ್ಯ ಬೈಕಿನ ಚಕ್ರದ ಸುತ್ತಳತೆ ಸುಮಾರು 2 ಮೀಟರ್. 60 ಕಿ.ಮೀ. ವೇಗದಲ್ಲಿ ಚಕ್ರ ಸೆಕೆಂಡಿಗೆ ಎಂಟು ಸುತ್ತು ಸುತ್ತುತ್ತೆ. ಅದೇ ಹೊತ್ತಿಗೆ ಎಂಜಿನ್ 4,500 ಆರ್‌ಪಿಎಂನಲ್ಲಿ ಇದ್ದರೆ ಸೆಕೆಂಡಿಗೆ 75 ಸುತ್ತು. ಚಕ್ರದ ತೊಂದರೆ ದಡದಡ ಅಂತ ಬರುತ್ತೆ, ಎಣಿಸಬಹುದೇನೋ ಅನ್ನಿಸುತ್ತೆ. ಎಂಜಿನ್ನಿನದು ಝುಂ ಅನ್ನುವ ನುಣ್ಣನೆ ಅದುರು, ಕೈ ಮರಗಟ್ಟಿಸುತ್ತೆ. ಇಷ್ಟು ಗುರುತಿಸಿದರೇ ಅರ್ಧ ದಾರಿ ಸಾಗಿದಂತೆ.

ಅಳೆಯಲು ಸುಲಭದ ಉಪಾಯ ಕನ್ನಡಿ. ಹಿಂದೆ ಬರುವ ಗಾಡಿಯ ನಂಬರ್ ಪ್ಲೇಟ್ ಎಷ್ಟು ಸ್ಪೀಡಿನಲ್ಲಿ ಮಸುಕಾಗುತ್ತೆ ಅಂತ ನೋಡಿಕೊಳ್ಳಿ. ರಿಪೇರಿ ಆದ ಮೇಲೂ ಅದೇ ರಸ್ತೆಯಲ್ಲಿ ಅದನ್ನೇ ನೋಡಿ. ಇನ್ನೂ ಖಚಿತವಾಗಿ ಬೇಕು ಅನ್ನುವವರಿಗೆ ಫಿಫಾಕ್ಸ್ ಅಂತ ಒಂದು ಉಚಿತ ಆಪ್ ಇದೆ, ಜರ್ಮನಿಯ ಆಹೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ್ದು. ಹಳೆಯ ಫೋನೊಂದನ್ನು ಸೀಟಿಗೆ ಟೇಪಿನಿಂದ ಅಂಟಿಸಿ, ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸಿದರೆ ಯಾವ ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಎಷ್ಟು ಸಲ) ಅದುರು ಜಾಸ್ತಿ ಇದೆ ಅಂತ ಗ್ರಾಫ್ ತೋರಿಸುತ್ತೆ. 1,800 ಆರ್‌ಪಿಎಂನಲ್ಲಿ ಇಟ್ಟಾಗ 30 ಹರ್ಟ್ಸ್ ಹತ್ತಿರ ಗೆರೆ ಎದ್ದರೆ ಅದು ಕ್ರ್ಯಾಂಕಿನ ವೇಗದ್ದು. ಅನೇಕ ಫೋನುಗಳು ಬಹಳ ಮೇಲಿನ ಹರ್ಟ್ಸ್ ಹಿಡಿಯುವುದಿಲ್ಲ, ಹಾಗಾಗಿ ಕಡಿಮೆ ಆರ್‌ಪಿಎಂನಲ್ಲೇ ನೋಡಿ. ಒಳ್ಳೆಯ ಕ್ಯಾಮೆರಾ ಇರುವ ಹೊಸ ಫೋನ್ ಇದಕ್ಕೆ ಬೇಡ. ಕಾರಣ ಕೊನೆಯಲ್ಲಿ ಹೇಳುತ್ತೇನೆ.

ಹಂತ 2: ರಸ್ತೆಯಲ್ಲಿ ಮೂರು ಪರೀಕ್ಷೆ

ಖಾಲಿ ಇರುವ, ನೆಟ್ಟಗಿರುವ ರಸ್ತೆ ಬೇಕು. ಬೆಳಗಿನ ಹೊತ್ತು ಒಳ್ಳೆಯದು.

ಮೊದಲನೆಯದು ಕ್ಲಚ್ ಪರೀಕ್ಷೆ. ಅದುರು ಬರುವ ಸ್ಪೀಡಿಗೆ ಹೋಗಿ, ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಕ್ಲಚ್ ಹಿಡಿದು ಆಕ್ಸಿಲರೇಟರ್ ಪೂರ್ತಿ ಬಿಡಿ. ಎಂಜಿನ್ ಐಡ್ಲಿಂಗ್‌ಗೆ ಇಳಿಯುತ್ತೆ, ಬೈಕ್ ಅದೇ ಸ್ಪೀಡಿನಲ್ಲಿ ತೇಲಿಕೊಂಡು ಹೋಗುತ್ತೆ. ಅದುರು ತಕ್ಷಣ ನಿಂತರೆ ಚಕ್ರದ್ದಲ್ಲ. ನಿಲ್ಲದಿದ್ದರೆ ಚಕ್ರ, ಟಯರ್, ಬೇರಿಂಗ್, ಬ್ರೇಕ್ ಡಿಸ್ಕ್ ಕಡೆ ನೋಡಬೇಕು.

ಎರಡನೆಯದು ಗೇರ್ ಪರೀಕ್ಷೆ. ಅದೇ ಸ್ಪೀಡಿನಲ್ಲಿ ಒಂದು ಗೇರ್ ಕೆಳಗೆ ಹಾಕಿ ಓಡಿಸಿ. ಅದುರು ಅದೇ ಸ್ಪೀಡಿಗೆ ಅಂಟಿಕೊಂಡಿದ್ದರೆ ಚಕ್ರದ ಕಡೆಯದು. ಗೇರ್ ಬದಲಿಸಿದಾಗ ಅದುರು ಬರುವ ಸ್ಪೀಡೂ ಬದಲಾದರೆ ಅದು ಎಂಜಿನ್ ಆರ್‌ಪಿಎಂ ಜೊತೆ ಹೋಗುತ್ತಿದೆ.

ಮೂರನೆಯದು ನಿಂತಲ್ಲೇ. ಬಯಲಿನಲ್ಲಿ ಡಬಲ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಅದೇ ಆರ್‌ಪಿಎಂಗೆ ಏರಿಸಿ. ಇಲ್ಲೂ ಅಷ್ಟೇ ಅದುರಿದರೆ ಎಂಜಿನ್, ಅದನ್ನು ಹಿಡಿದಿರುವ ಬೋಲ್ಟ್‌ಗಳು, ಅದಕ್ಕೆ ತಗುಲಿರುವ ಸಾಮಾನು. ನಿಂತಲ್ಲಿ ಸುಮ್ನೆ ಇದ್ದು ಓಡಿಸುವಾಗ ಮಾತ್ರ ಅದುರಿದರೆ ಚೈನ್, ಸ್ಪ್ರಾಕೆಟ್, ಹಬ್ ರಬ್ಬರ್, ಕ್ಲಚ್, ಇಲ್ಲವೇ ಲೋಡ್ ಬಿದ್ದಾಗ ಸರಿಯಾಗಿ ಉರಿಯದ ಪೆಟ್ರೋಲ್. ಗಾಳಿಯಿಂದ ತಣಿಯುವ ಎಂಜಿನ್‌ಗಳನ್ನು ನಿಂತಲ್ಲೇ ಒಂದೆರಡು ನಿಮಿಷಕ್ಕಿಂತ ಹೆಚ್ಚು ರೈಸ್ ಮಾಡಬೇಡಿ. ಬಾಗಿಲು ಹಾಕಿದ ಶೆಡ್ಡಿನೊಳಗೆ ಎಂಜಿನ್ ಓಡಿಸಲೇಬೇಡಿ, ಹೊಗೆಯ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೆ ಅಪಾಯ.

ಹಂತ 3: ಕೈ ಇಟ್ಟು ಹುಡುಕಿ

ಇದಕ್ಕೆ ಇನ್ನೊಬ್ಬರು ಬೇಕು. ಅವರು ನ್ಯೂಟ್ರಲ್‌ನಲ್ಲಿ ಅದುರು ಬರುವ ಆರ್‌ಪಿಎಂ ಹಿಡಿದಿರಲಿ. ನೀವು ಗ್ಲೌಸ್ ಹಾಕಿಕೊಂಡು ಒಂದೊಂದೇ ಭಾಗವನ್ನು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾ ಹೋಗಿ. ಹೆಡ್‌ಲೈಟ್ ಡೂಮ್, ಮಡ್‌ಗಾರ್ಡ್, ನಂಬರ್ ಪ್ಲೇಟ್, ಲೆಗ್ ಗಾರ್ಡ್, ಸೀರೆ ಗಾರ್ಡ್, ಸೈಡ್ ಬಾಕ್ಸ್, ಸೈಡ್ ಸ್ಟ್ಯಾಂಡ್, ಚೈನ್ ಕವರ್. ಒಂದು ಕಡೆ ಒತ್ತಿದಾಗ ಸದ್ದು ಸಟ್ಟನೆ ನಿಂತರೆ ಸಿಕ್ಕಿತು ಅಂತ ಅರ್ಥ. ಬೆಂಡ್ ಪೈಪ್, ಸೈಲೆನ್ಸರ್ ಮುಟ್ಟಬೇಡಿ. ಅವುಗಳ ಬ್ರಾಕೆಟ್ ಬೋಲ್ಟ್‌ಗಳನ್ನು ಎಂಜಿನ್ ತಣ್ಣಗಾದ ಮೇಲೆ ಸ್ಪ್ಯಾನರ್‌ನಿಂದ ನೋಡಿ.

ಸೈಲೆನ್ಸರ್ ವಿಷಯದಲ್ಲಿ ಒಂದು ಮಾತು. ಅದು ಒಂದು ತುದಿಯಲ್ಲಿ ಎಂಜಿನ್‌ಗೆ, ಇನ್ನೊಂದು ತುದಿಯಲ್ಲಿ ಫ್ರೇಮಿಗೆ ಕಟ್ಟಿದ ಉದ್ದನೆಯ ಕೊಳವೆ. ಹಿಂದಿನ ಬ್ರಾಕೆಟ್‌ನ ರಬ್ಬರ್ ಬುಷ್ ಹೋಗಿದ್ದರೆ ಎಂಜಿನ್ನಿನ ಅದುರನ್ನೆಲ್ಲ ನೇರ ಫುಟ್‌ರೆಸ್ಟಿಗೆ ತರುತ್ತೆ. ಬಿಗಿಯುವಾಗ ಮೊದಲು ಎರಡೂ ತುದಿ ಸಡಿಲ ಮಾಡಿ, ಪೈಪ್ ತಾನಾಗಿ ಕೂತ ಮೇಲೆ ಮುಂದಿನದನ್ನು ಬಿಗಿದು, ಆಮೇಲೆ ಹಿಂದಿನದು. ಎಳೆದು ತಂದು ಬೋಲ್ಟ್ ಹಾಕಿದರೆ ಅದು ಸದಾ ಎಂಜಿನ್ ಮೇಲೆ ಒತ್ತಡ ಹಾಕುತ್ತಲೇ ಇರುತ್ತೆ.

ಹಂತ 4: ಫೌಂಡೇಶನ್ ಬೋಲ್ಟ್‌ಗಳು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಇದೇ ದೊಡ್ಡದು. ಇದಕ್ಕೆ ಅರ್ಧ ದಿನ ಕೊಟ್ಟರೂ ನಷ್ಟ ಇಲ್ಲ.

ಎಂಜಿನ್ನನ್ನು ಫ್ರೇಮಿಗೆ ಹಿಡಿದಿಡುವ ಬೋಲ್ಟ್‌ಗಳು ಸಾಮಾನ್ಯವಾಗಿ ಮುಂದೆ, ಕೆಳಗೆ, ಹಿಂದೆ ಇರುತ್ತವೆ. ಕೆಲವು ಬೈಕುಗಳಲ್ಲಿ ಸಿಲಿಂಡರ್ ಹೆಡ್‌ನಿಂದ ಫ್ರೇಮಿಗೆ ಒಂದು ಪಟ್ಟಿಯೂ ಇರುತ್ತೆ. ಹಳೆಯ ಬುಲೆಟ್‌ಗಳಲ್ಲಿ ಟ್ಯಾಂಕಿನ ಕೆಳಗೆ ಕಾಣುವ ಆ ಪಟ್ಟಿ ಚಿಕ್ಕದು ಅಂತ ಕಡೆಗಣಿಸಬೇಡಿ. ಎಂಜಿನ್ನಿನ ತಲೆ ಹಿಂದೆ-ಮುಂದೆ ಆಡದಂತೆ ಹಿಡಿಯುವುದೇ ಅದು. ಎಂಜಿನ್ ಕೆಲಸ ಆದ ಮೇಲೆ ಅದನ್ನು ಹಾಕದೇ ಬಿಟ್ಟಿರುವ ಗಾಡಿಗಳೂ ಇವೆ.

ಮೊದಲು ಟಾರ್ಚ್ ಹಿಡಿದು ನೋಡಿ. ಬೋಲ್ಟಿನ ಸುತ್ತ ಕೆಂಪು-ಕಂದು ಪುಡಿ ಇದೆಯಾ? ಎರಡು ಲೋಹ ಒಂದಕ್ಕೊಂದು ಉಜ್ಜಿಕೊಂಡು ತುಕ್ಕು ಹೀಗೆ ಪುಡಿಯಾಗಿ ಬರುತ್ತೆ. ಅಲ್ಲಿ ಬೋಲ್ಟ್ ಆಡುತ್ತಿದೆ. ವಾಷರ್ ಪಕ್ಕ ಪೇಂಟ್ ಹೋಗಿ ಲೋಹ ಫಳಫಳ ಹೊಳೆಯುತ್ತಿದ್ದರೂ ಅದೇ ಕಥೆ. ಬ್ರಾಕೆಟ್‌ನ ವೆಲ್ಡಿಂಗ್ ಅಂಚಿನಲ್ಲಿ ಕೂದಲೆಳೆಯಂಥ ತುಕ್ಕಿನ ಗೆರೆ ಕಂಡರೆ ಫ್ರೇಮ್ ಬಿರುಕು ಬಿಟ್ಟಿರಬಹುದು. ಆ ಜಾಗವನ್ನು ಉಜ್ಜಿ, ಒರೆಸಿ, ಮತ್ತೆ ನೋಡಿ. ಬಿರುಕು ನಿಜವಾದರೆ ಗಾಡಿ ಓಡಿಸಬೇಡಿ. ಫ್ರೇಮ್ ಕೆಲಸ ಬಲ್ಲವರ ಹತ್ತಿರವೇ ಒಯ್ಯಿರಿ.

ಬಿಗಿಯುವುದಕ್ಕೂ ಒಂದು ಕ್ರಮ ಇದೆ. ಸಡಿಲ ಇರುವ ಒಂದನ್ನೇ ತಿರುಗಿಸಿ ಬಿಗಿದರೆ ಎಂಜಿನ್ ಓರೆಯಾಗಿ ಸಿಕ್ಕಿಕೊಂಡು ಇನ್ನೂ ಜಾಸ್ತಿ ಅದುರಬಹುದು. ಎಂಜಿನ್ ತಣ್ಣಗಿರುವಾಗ ಕೆಳಗೊಂದು ಮರದ ತುಂಡು ಅಥವಾ ಜಾಕ್ ಕೊಟ್ಟು, ಎಂಜಿನ್ ತೂಕ ಸ್ವಲ್ಪ ಅದರ ಮೇಲೆ ಬರುವಂತೆ ಮಾಡಿ. ಎಲ್ಲ ನಟ್‌ಗಳನ್ನೂ ಒಂದೆರಡು ಸುತ್ತು ಸಡಿಲಿಸಿ. ಪೂರ್ತಿ ಬಿಚ್ಚಬೇಡಿ. ಈಗ ಉದ್ದದ ಬೋಲ್ಟ್‌ಗಳು ಕೈಯಲ್ಲಿ ತಿರುಗುವಷ್ಟು ಹಗುರವಾಗಿ ಇರಬೇಕು. ಒಂದು ಬೋಲ್ಟ್ ಮಾತ್ರ ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಜಾಕ್ ಒಂದಿಷ್ಟು ಏರಿಸಿ ಇಳಿಸಿ, ಅದು ಸಲೀಸಾಗುವವರೆಗೆ ಎಂಜಿನ್ ಸರಿಸಿ. ಪಟ್ಟಿ ಮತ್ತು ಎಂಜಿನ್ ನಡುವೆ ಸಂದು ಇದ್ದರೆ ಬೋಲ್ಟ್‌ನಿಂದ ಎಳೆದು ಮುಚ್ಚಬೇಡಿ, ಅಷ್ಟೇ ದಪ್ಪದ ವಾಷರ್ ಕೊಡಿ. ಆಮೇಲೆ ಎಲ್ಲವನ್ನೂ ಕೈಯಲ್ಲಿ ಬಿಗಿದು, ಸ್ಪ್ಯಾನರ್‌ನಿಂದ ಸ್ವಲ್ಪ ಸ್ವಲ್ಪವಾಗಿ, ಒಂದಾದ ಮೇಲೊಂದು ಸುತ್ತಿ ಬನ್ನಿ. ಹೆಡ್ ಪಟ್ಟಿ ಕೊನೆಗೆ.

ಎಷ್ಟು ಬಿಗಿ ಅನ್ನುವುದು ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಅದು ಸಿಗದಿದ್ದರೆ ಒಂದು ಅಂದಾಜಿಗೆ, ಉಕ್ಕಿನ 8 ಮಿ.ಮೀ. ದಪ್ಪದ ಬೋಲ್ಟ್‌ಗೆ 20ರಿಂದ 25 ನ್ಯೂಟನ್ ಮೀಟರ್, 10 ಮಿ.ಮೀ.ನದಕ್ಕೆ 40ರಿಂದ 50. ಇಲ್ಲಿ ಹೇಳಿದ್ದು ಬೋಲ್ಟಿನ ದಪ್ಪ, ಸ್ಪ್ಯಾನರ್ ನಂಬರ್ ಅಲ್ಲ. ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸಿ ಎಳೆಯುವುದು ಬೇಡವೇ ಬೇಡ. ಬೋಲ್ಟ್ ಹಿಗ್ಗಿ ಹಿಡಿತ ಕಳೆದುಕೊಳ್ಳುತ್ತೆ. ಒಮ್ಮೆ ಬಿಚ್ಚಿದ ನೈಲಾನ್ ನಟ್ ಮತ್ತೆ ಅಷ್ಟು ಗಟ್ಟಿ ಕೂರುವುದಿಲ್ಲ, ಹೊಸದು ಹಾಕಿ. ಎಲ್ಲ ಮುಗಿದ ಮೇಲೆ ನಟ್ ಮತ್ತು ಫ್ರೇಮ್ ಎರಡರ ಮೇಲೂ ಸೇರುವಂತೆ ಬಿಳಿ ಮಾರ್ಕರ್‌ನಿಂದ ಒಂದು ಗೆರೆ ಎಳೆಯಿರಿ.

ಲೆಗ್ ಗಾರ್ಡ್, ಎಂಜಿನ್ ಗಾರ್ಡ್, ಫಾಗ್ ಲೈಟ್ ಪಟ್ಟಿ ಇವನ್ನೆಲ್ಲ ಕೆಲವು ಕಡೆ ಫೌಂಡೇಶನ್ ಬೋಲ್ಟ್‌ಗೇ ಸೇರಿಸಿ ಹಾಕುತ್ತಾರೆ. ಪಟ್ಟಿಯ ದಪ್ಪ ಸೇರಿದ ಮೇಲೆ ಹಳೆಯ ಬೋಲ್ಟಿನ ಉದ್ದ ಸಾಲುವುದಿಲ್ಲ, ನಟ್ ಮೂರ್ನಾಲ್ಕು ಎಳೆಯಲ್ಲಿ ಮಾತ್ರ ನಿಂತಿರುತ್ತೆ. ಬೋಲ್ಟಿನ ತುದಿ ನಟ್‌ನಿಂದ ಒಂದೆರಡು ಎಳೆ ಹೊರಗೆ ಬಂದಿದೆಯಾ ನೋಡಿ. ಇಲ್ಲದಿದ್ದರೆ ಅಷ್ಟೇ ಗಟ್ಟಿ ಗ್ರೇಡಿನ ಉದ್ದದ ಬೋಲ್ಟ್ ತನ್ನಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ, ಬೇರೆ ಊರಿನಲ್ಲಿ ಒಳ್ಳೆಯ ಹಾರ್ಡ್‌ವೇರ್ ಅಂಗಡಿ ಸಾಕು. ಬೋಲ್ಟಿನ ತಲೆಯ ಮೇಲೆ 8.8 ಅಥವಾ 10.9 ಅಂತ ಗುರುತು ಇರಬೇಕು. ಗುರುತೇ ಇಲ್ಲದ ಬೋಲ್ಟ್ ಇಲ್ಲಿಗೆ ಬೇಡ.

ಕಂಪನಿಯವರು ರಬ್ಬರ್ ಕೊಡದ ಜಾಗದಲ್ಲಿ ನೀವಾಗಿ ರಬ್ಬರ್ ವಾಷರ್ ಹಾಕಬೇಡಿ. ಅನೇಕ ಬೈಕುಗಳಲ್ಲಿ ಎಂಜಿನ್ನೇ ಫ್ರೇಮಿನ ಒಂದು ಭಾಗದಂತೆ ಭಾರ ಹೊರುತ್ತೆ. ರಬ್ಬರ್ ಕೊಟ್ಟರೆ ಚೈನ್ ಎಳೆದಾಗ ಎಂಜಿನ್ ಓರೆಯಾಗುತ್ತೆ. ಮೊದಲೇ ರಬ್ಬರ್ ಬುಷ್ ಇರುವ ಬೈಕಾದರೆ ಅದು ಬಿರುಕು ಬಿಟ್ಟಿದೆಯಾ, ಗಟ್ಟಿಯಾಗಿದೆಯಾ ನೋಡಿ ಬದಲಿಸಿ.

ಹಂತ 5: ಚೈನ್, ಸ್ಪ್ರಾಕೆಟ್, ಹಬ್ ರಬ್ಬರ್

ನಿಂತಲ್ಲಿ ಅದುರದೆ ಓಡಿಸುವಾಗ ಮಾತ್ರ ಅದುರುವ ಗಾಡಿಗೆ ಇದೇ ಮೊದಲ ನಿಲ್ದಾಣ.

ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಆಫ್ ಮಾಡಿ, ಕೆಳಗಿನ ಚೈನಿನ ನಡು ಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿ ಸ್ಕೇಲ್‌ನಲ್ಲಿ ಅಳೆಯಿರಿ. ಬಹಳಷ್ಟು ಚಿಕ್ಕ ಬೈಕುಗಳಿಗೆ 20ರಿಂದ 30 ಮಿ.ಮೀ. ಆಟ ಇರಬೇಕು. ನಿಮ್ಮದಕ್ಕೆ ಎಷ್ಟು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಒಂದೇ ಕಡೆ ಅಳೆದು ಬಿಡಬೇಡಿ. ಚಕ್ರ ಕೈಯಲ್ಲಿ ಸ್ವಲ್ಪ ಸ್ವಲ್ಪ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಿ. ಒಂದು ಕಡೆ 15, ಇನ್ನೊಂದು ಕಡೆ 35 ಬಂದರೆ ಚೈನ್ ಎಲ್ಲ ಕಡೆ ಒಂದೇ ಸಮ ಹಿಗ್ಗಿಲ್ಲ. ಅದನ್ನು ಬಿಗಿದು ಉಪಯೋಗ ಇಲ್ಲ, ಎರಡೂ ಸ್ಪ್ರಾಕೆಟ್ ಸೇರಿಸಿ ಸೆಟ್ ಬದಲಿಸಬೇಕು. ಸ್ಪ್ರಾಕೆಟ್ ಹಲ್ಲು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದರೂ ಅಷ್ಟೇ. ಅಗತ್ಯಕ್ಕಿಂತ ಬಿಗಿಯಾದ ಚೈನೂ ಅದುರಿಸುತ್ತೆ, ಗೇರ್‌ಬಾಕ್ಸ್ ಬೇರಿಂಗನ್ನೂ ತಿನ್ನುತ್ತೆ. ಇಬ್ಬರು ಕೂತಾಗ ಚೈನ್ ಇನ್ನೂ ಬಿಗಿಯಾಗುತ್ತೆ ಅನ್ನುವುದು ನೆನಪಿರಲಿ.

ಹಬ್ ರಬ್ಬರ್ ನೋಡುವುದು ಸುಲಭ. ಗೇರಿನಲ್ಲಿ ನಿಲ್ಲಿಸಿ, ಹಿಂದಿನ ಚಕ್ರವನ್ನು ಹಿಡಿದು ಹಿಂದೆ ಮುಂದೆ ಆಡಿಸಿ, ಕಣ್ಣು ಸ್ಪ್ರಾಕೆಟ್ ಮೇಲಿರಲಿ. ಸ್ಪ್ರಾಕೆಟ್ ನಿಂತಲ್ಲೇ ಇದ್ದು ಚಕ್ರ ಮಾತ್ರ ಟಕ್ ಟಕ್ ಅಂತ ಆಡಿದರೆ ರಬ್ಬರ್ ಸವೆದಿದೆ. ಒಂದೊಂದು ಫೈರಿಂಗ್‌ನ ಗುದ್ದನ್ನೂ ನುಂಗುವುದು ಅದೇ ರಬ್ಬರ್. ಬೆಲೆ ಹೆಚ್ಚೇನಿಲ್ಲ, ಬದಲಿಸಿದ ಮೇಲೆ ಗಾಡಿ ಎಷ್ಟು ಮೆತ್ತಗೆ ಓಡುತ್ತೆ ಅಂತ ನೀವೇ ನೋಡಿ. ಚಕ್ರ ವಾಪಸ್ ಹಾಕುವಾಗ ಎರಡೂ ಬದಿಯ ಅಡ್ಜಸ್ಟರ್ ಗುರುತು ಒಂದೇ ಗೆರೆಗೆ ಬರಲಿ.

ಹಂತ 6: ಚಕ್ರಗಳು

ಗಾಳಿ ಸರಿಯಾಗಿ ತುಂಬಿಸಿ. ಚಕ್ರ ತಿರುಗಿಸಿ ರಿಮ್ ಓಲಾಡುತ್ತಿದೆಯಾ ನೋಡಿ. ಕಡ್ಡಿ ಚಕ್ರವಾದರೆ ಒಂದೊಂದು ಸ್ಪೋಕ್‌ಗೂ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ. ಬಿಗಿ ಇರುವುದು ಟಣ್ ಅನ್ನುತ್ತೆ, ಸಡಿಲ ಇರುವುದು ಠಪ್ ಅನ್ನುತ್ತೆ. ಚಕ್ರವನ್ನು ಅಡ್ಡಡ್ಡ ಅಲುಗಾಡಿಸಿ ಬೇರಿಂಗ್ ನೋಡಿ. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲ್ ಮುಂದಕ್ಕೆ ತಳ್ಳಿದಾಗ ಕಟ್ ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಅಂದರೆ ಕೋನ್ ಸೆಟ್, ಸಡಿಲ.

ಹಂತ 7: ಎಂಜಿನ್ ಸರಿಯಾಗಿ ಉರಿಯುತ್ತಿದೆಯಾ

ಐಡ್ಲಿಂಗ್ ತೀರಾ ಕಡಿಮೆ ಇದ್ದರೆ ಯಾವ ಸಿಂಗಲ್ ಆದರೂ ನಡುಗುತ್ತೆ. 100ರಿಂದ 150 ಸಿಸಿ ಬೈಕುಗಳಿಗೆ ಸಾಮಾನ್ಯವಾಗಿ 1,400 ಆಸುಪಾಸು ಬೇಕು. ಹಳೆಯ ಬುಲೆಟ್‌ಗಳು 1,000ದ ಹತ್ತಿರ ನಿಲ್ಲುತ್ತವೆ. ಗುಡ್ ಗುಡ್ ಸದ್ದಿಗೆ ಆಸೆಪಟ್ಟು ಅದಕ್ಕಿಂತ ಕೆಳಗೆ ಇಳಿಸುವವರಿದ್ದಾರೆ, ಅದು ಬೇಡ. ಐಡ್ಲಿಂಗ್ ಕೆಳಗಿಳಿದರೆ ಆಯಿಲ್ ಒತ್ತಡವೂ ಇಳಿಯುತ್ತೆ. ಕಾರ್ಬೊರೇಟರ್ ಗಾಡಿಗಳಲ್ಲಿ ಸ್ಕ್ರೂ ತಿರುಗಿಸಿ ಸರಿ ಮಾಡಬಹುದು. 2020ರ ಏಪ್ರಿಲ್ ನಂತರದ ಬಿಎಸ್6 ಇಂಜೆಕ್ಷನ್ ಗಾಡಿಗಳಲ್ಲಿ ಇದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತೆ. ಅಲ್ಲಿ ಐಡ್ಲಿಂಗ್ ಏರಿಳಿತ ಇದ್ದರೆ ಥ್ರಾಟಲ್ ಬಾಡಿ ಕ್ಲೀನ್ ಮಾಡಿಸಿ.

ಪ್ಲಗ್ ಬಿಚ್ಚಿ ಬಣ್ಣ ನೋಡಿ. ಕಾಫಿ ಪುಡಿ ಬಣ್ಣ ಒಳ್ಳೆಯದು, ಕಪ್ಪು ಮಸಿ ಇದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ, ಬೆಳ್ಳಗಿದ್ದರೆ ಕಡಿಮೆ. ಏರ್ ಫಿಲ್ಟರ್ ಬೆಳಕಿಗೆ ಹಿಡಿದು ನೋಡಿ. ವಾಲ್ವ್ ತೆರೆಯುವ ಟ್ಯಾಪೆಟ್‌ನ ಸಂದನ್ನು ಎಂಜಿನ್ ತಣ್ಣಗಿರುವಾಗಲೇ ಸೆಟ್ ಮಾಡಬೇಕು. 346 ಸಿಸಿ ಕ್ಲಾಸಿಕ್‌ಗೆ ಸಂದನ್ನು ತಾನೇ ಸರಿಮಾಡಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವುದರಿಂದ ಅಲ್ಲಿ ಕೈ ಹಾಕುವ ಹಾಗಿಲ್ಲ. ಅದಕ್ಕೂ ಹಿಂದಿನ ಕಬ್ಬಿಣದ ಸಿಲಿಂಡರ್ ಬುಲೆಟ್‌ನಲ್ಲಿ ವಾಲ್ವ್ ತೆರೆಯಲು ತಳ್ಳುವ ಪುಶ್ ರಾಡ್ ಬೆರಳಿನಿಂದ ಸಲೀಸಾಗಿ ತಿರುಗಬೇಕು, ಆದರೆ ಮೇಲೆ ಕೆಳಗೆ ಆಡಬಾರದು. ಅಷ್ಟೇ ಲೆಕ್ಕ.

ಹಂತ 8: ಎಂಜಿನ್ ಒಳಗೇ ಅಂತ ಖಾತ್ರಿ ಆದರೆ

ಇಷ್ಟೆಲ್ಲ ನೋಡಿದ ಮೇಲೂ ನ್ಯೂಟ್ರಲ್‌ನಲ್ಲೇ ಅದುರುತ್ತಿದೆ, ದಿನದಿಂದ ದಿನಕ್ಕೆ ಜಾಸ್ತಿ ಆಗುತ್ತಿದೆ, ಜೊತೆಗೆ ಕೆಳಗಿನಿಂದ ಡಬ್ ಡಬ್ ಸದ್ದು ಬರುತ್ತಿದೆ ಅಂದರೆ ಈಗ ಒಳಗೆ ನೋಡುವ ಹೊತ್ತು. ಮೆಕ್ಯಾನಿಕ್ ಹತ್ತಿರ ಸುಮ್ನೆ "ವೈಬ್ರೇಶನ್ ಬರ್ತಿದೆ" ಅನ್ನಬೇಡಿ. "ಅಣ್ಣಾ, ನ್ಯೂಟ್ರಲ್‌ನಲ್ಲೂ 3,500 ದಾಟಿದ ಮೇಲೆ ಅದುರುತ್ತೆ, ಫುಟ್‌ರೆಸ್ಟ್‌ನಲ್ಲಿ ಜಾಸ್ತಿ. ಫೌಂಡೇಶನ್ ಬೋಲ್ಟ್ ಎಲ್ಲ ನೋಡಿದ್ದೀನಿ, ಚೈನ್ ಸೆಟ್ ಹೊಸದು" ಅಂತ ಹೇಳಿ. ಅವರಿಗೂ ಕೆಲಸ ಸುಲಭ, ನಿಮಗೂ ಖರ್ಚು ಕಡಿಮೆ.

ಮೊದಲು ಬದಿಯ ಕವರ್ ತೆಗೆದು ಕ್ರ್ಯಾಂಕ್ ತುದಿಯಲ್ಲಿ ಕರೆಂಟ್ ಉತ್ಪಾದಿಸುವ ಮ್ಯಾಗ್ನೆಟ್‌ನ ನಟ್, ಅದರ ಕೀ, ಇನ್ನೊಂದು ಬದಿಯ ಕ್ಲಚ್ ನಟ್ ನೋಡಲು ಹೇಳಿ. ಇವು ಸಡಿಲವಾದರೂ ಕ್ರ್ಯಾಂಕ್ ಹೋದ ಹಾಗೆಯೇ ಅದುರುತ್ತೆ, ಪೂರ್ತಿ ಎಂಜಿನ್ ಇಳಿಸುವುದು ತಪ್ಪಬಹುದು.

ಎಂಜಿನ್ ಕೆಲಸ ಮುಗಿದು ಬಂದ ದಿನದಿಂದಲೇ ಅದುರುತ್ತಿದ್ದರೆ, ಬ್ಯಾಲೆನ್ಸರ್ ಇರುವ ಬೈಕಿನಲ್ಲಿ ಮೊದಲ ಅನುಮಾನ ಅದರ ಟೈಮಿಂಗ್ ಮೇಲೆ. ಕ್ರ್ಯಾಂಕ್ ಗೇರಿನ ಗುರುತು, ಬ್ಯಾಲೆನ್ಸರ್ ಗೇರಿನ ಗುರುತು ಒಂದಕ್ಕೊಂದು ಎದುರಾಗಿ ಕೂರಬೇಕು. ಹಲ್ಲು ತಪ್ಪಿ ಕೂತರೆ ಅದುರು ತಡೆಯಬೇಕಾದ ತೂಕವೇ ಅದುರಿಸಲು ಶುರು ಮಾಡುತ್ತೆ. ಬ್ಯಾಲೆನ್ಸರ್ ಇಲ್ಲದ ಬೈಕಿನಲ್ಲಿ ಪಿಸ್ಟನ್ ತೂಕ ಕೇಳಿ. ಎದುರು ತೂಕವನ್ನು ಮೂಲ ಪಿಸ್ಟನ್ನಿಗೆ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಬೋರ್ ಮಾಡಿಸುವಾಗ ಹಳೆಯ ಪಿಸ್ಟನ್ ಬಿಸಾಡದೆ, ಪಿನ್ ಸಮೇತ ಹಳೆಯದು, ಹೊಸದು ಎರಡನ್ನೂ ಡಿಜಿಟಲ್ ತಕ್ಕಡಿಯಲ್ಲಿ ತೂಗಿ. ವ್ಯತ್ಯಾಸ ದೊಡ್ಡದಿದ್ದರೆ ಆ ಪಿಸ್ಟನ್ ಹಾಕಿಸಬೇಡಿ.

ಸಿಲಿಂಡರ್ ಎತ್ತಿದ್ದರೆ ನೀವೇ ನಿಂತು ನೋಡಬಹುದಾದ ಒಂದು ಪರೀಕ್ಷೆ ಇದೆ. ಪಿಸ್ಟನ್ ಪೂರ್ತಿ ಮೇಲೆ ಬರುವಂತೆ ಕ್ರ್ಯಾಂಕ್ ತಿರುಗಿಸಿ, ಕನೆಕ್ಟಿಂಗ್ ರಾಡ್ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಕೆಳಕ್ಕೆ ಒತ್ತಿ. ಅಡ್ಡಕ್ಕೆ ಸ್ವಲ್ಪ ಆಡುವುದು ಸಹಜ. ಮೇಲೆ ಕೆಳಗೆ ಕಟ್ ಅಂತ ಕೈಗೆ ತಗುಲಿದರೆ ರಾಡ್‌ನ ಕೆಳತುದಿಯ ಬಿಗ್ ಎಂಡ್ ಬೇರಿಂಗ್ ಹೋಗಿದೆ. ಆಗ ಕ್ರ್ಯಾಂಕ್ ಹೊರಗೆ ಬರಲೇಬೇಕು. ಹೊಸ ರಾಡ್ ಕೂರಿಸಿದ ಮೇಲೆ ಲೇತ್ ಅಂಗಡಿಯಲ್ಲಿ ಡಯಲ್ ಗೇಜ್ ಇಟ್ಟು ಕ್ರ್ಯಾಂಕ್ ಎಷ್ಟು ಓಲಾಡುತ್ತೆ ಅಂತ ಅಳೆಯಬೇಕು. ಬಹಳ ಕಡೆ ಮಿತಿ 0.1 ಮಿ.ಮೀ. ಅಥವಾ ಅದಕ್ಕಿಂತ ಕಡಿಮೆ ಇರುತ್ತೆ. ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಸುತ್ತಿಗೆ ಹೊಡೆದು ಸರಿ ಮಾಡುವ ಕಡೆ ಕ್ರ್ಯಾಂಕ್ ಕೊಡಬೇಡಿ.

ಹಂತ 9: ಉಳಿದ ಅದುರಿನ ಜೊತೆ ಆರಾಮಾಗಿ ಓಡಿಸುವುದು

ಎಲ್ಲ ಸರಿ ಮಾಡಿದ ಮೇಲೂ ಸಿಂಗಲ್ ಸಿಂಗಲ್ಲೇ. ಇನ್ನು ನೋಡಬೇಕಾದ್ದು ಓಡಿಸುವ ರೀತಿ. ಚಾರ್ಮಾಡಿ ಘಾಟಿ ಹತ್ತುವಾಗ ಟಾಪ್ ಗೇರಿನಲ್ಲೇ ಎಳೆಸಿದರೆ ಎಂಜಿನ್ ಗುದ್ದುತ್ತೆ, ಒಂದು ಗೇರ್ ಇಳಿಸಿ. ಹೈವೇಯಲ್ಲಿ ಅದಕ್ಕೆ ಉಲ್ಟಾ. ಬಲ ವೇಗದ ವರ್ಗದಂತೆ ಏರುವುದರಿಂದ 90ರ ಬದಲು 80ರಲ್ಲಿ ಹೋದರೆ ಎಂಜಿನ್ನಿನ ಅದುರುವ ಬಲ ಐದರಲ್ಲಿ ಒಂದು ಪಾಲು ಕಡಿಮೆ. ಇಷ್ಟು ಸುಲಭದ, ಖರ್ಚಿಲ್ಲದ ಉಪಾಯ ಇನ್ನೊಂದಿಲ್ಲ.

ಹೈವೇ ಓಡಾಟವೇ ಜಾಸ್ತಿ ಇರುವವರು ಮುಂದಿನ ಸ್ಪ್ರಾಕೆಟ್‌ಗೆ ಒಂದು ಹಲ್ಲು ಹೆಚ್ಚಿಸುವುದುಂಟು. 15ರಿಂದ 16ಕ್ಕೆ ಹೋದರೆ ಅದೇ ಸ್ಪೀಡಿಗೆ ಆರ್‌ಪಿಎಂ ಶೇ. 6ರಷ್ಟು ಇಳಿಯುತ್ತೆ, ಅದುರುವ ಬಲ ಶೇ. 12ರಷ್ಟು. ಆದರೆ ಏರು ರಸ್ತೆಯಲ್ಲಿ, ಇಬ್ಬರು ಕೂತಾಗ ಎಳೆತ ಕಡಿಮೆ ಆಗುತ್ತೆ. ಮಲೆನಾಡಿನವರಿಗೆ ನಾನು ಇದನ್ನು ಹೇಳುವುದಿಲ್ಲ.

ಹ್ಯಾಂಡಲ್ ತುದಿಗೆ ಹಾಕುವ ತೂಕಗಳು ಕೆಲಸ ಮಾಡುತ್ತವೆ, ಆದರೆ ಅದುರನ್ನು ಇಲ್ಲವಾಗಿಸುವುದಿಲ್ಲ, ಬೇರೆ ಆರ್‌ಪಿಎಂಗೆ ದೂಡುತ್ತವೆ. ನೀವು ಹೆಚ್ಚು ಹೊತ್ತು ಓಡಿಸುವ ಸ್ಪೀಡಿನಿಂದ ಆಚೆ ಹೋದರೆ ಸಾಕು, ಅಲ್ವಾ? ಹ್ಯಾಂಡಲನ್ನು ಬಿಗಿಯಾಗಿ ಹಿಡಿದಷ್ಟೂ ಅದುರು ಕೈಗೆ ಜಾಸ್ತಿ ಏರುತ್ತೆ. ಹಗುರವಾಗಿ ಹಿಡಿಯಿರಿ, ಗಂಟೆಗೊಮ್ಮೆ ನಿಲ್ಲಿಸಿ ಕೈ ಕೊಡವಿ. ಇಡೀ ದಿನ ಬೈಕ್ ಮೇಲೇ ಇರುವ ಡೆಲಿವರಿ ಕೆಲಸದವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಗಾಡಿ ಇಳಿದ ಮೇಲೂ ಬೆರಳಿನ ಜೋಮು ಬಿಡದಿದ್ದರೆ, ಚಳಿಯಲ್ಲಿ ಬೆರಳ ತುದಿ ಬಿಳಿಚಿಕೊಂಡರೆ ಡಾಕ್ಟರಿಗೆ ತೋರಿಸಿ.

ಇನ್ನು ಫೋನ್. ಜೋರಾದ ಮೋಟಾರ್ ಸೈಕಲ್ ಎಂಜಿನ್ನಿನ ಅದುರಿಗೆ ಐಫೋನ್ ಕ್ಯಾಮೆರಾದ ಸ್ಟೆಬಿಲೈಸೇಶನ್ ಮತ್ತು ಆಟೋಫೋಕಸ್ ಹಾಳಾಗಬಹುದು ಅಂತ ಆಪಲ್ ಕಂಪನಿಯೇ 2021ರಲ್ಲಿ ಎಚ್ಚರಿಸಿದೆ. ಲೆನ್ಸನ್ನು ಅಲುಗಾಡಿಸಿ ಚಿತ್ರ ಸ್ಥಿರ ಮಾಡುವ ಯಾವ ಫೋನಿಗೂ ಈ ಅಪಾಯ ಇದ್ದದ್ದೇ. ಹ್ಯಾಂಡಲ್‌ಗೆ ಫೋನ್ ಕಟ್ಟಲೇಬೇಕಾದರೆ ಅದುರು ತಡೆಯುವ ಡ್ಯಾಂಪರ್ ಇರುವ ಹೋಲ್ಡರ್ ಹಾಕಿ. ದಾರಿ ಕೇಳಿಸಿಕೊಂಡರೆ ಸಾಕು ಅನ್ನುವವರು ಫೋನ್ ಜೇಬಿನಲ್ಲಿಡಿ.

ರಿಪೇರಿ ಆದ ಮೇಲೆ ಹೊಸ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲೇ ಬರೆಯಿರಿ: ಕನ್ನಡಿ ಎಷ್ಟರಲ್ಲಿ ಮಸುಕಾಯಿತು, ಕೈ ಎಷ್ಟು ಹೊತ್ತಿಗೆ ಜುಮ್ ಅಂತು. ಮುನ್ನೂರು ಕಿ.ಮೀ. ಓಡಿಸಿ ಫೌಂಡೇಶನ್ ಬೋಲ್ಟ್‌ಗಳ ಮೇಲಿನ ಬಿಳಿ ಗೆರೆ ನೋಡಿ. ಗೆರೆ ನೇರ ಇದ್ದರೆ ಬೋಲ್ಟ್ ಸರಿದಿಲ್ಲ. ಸರಿದಿದ್ದರೆ ಸುಮ್ನೆ ಮತ್ತೆ ಬಿಗಿದು ಬಿಡಬೇಡಿ. ಆ ಬೋಲ್ಟನ್ನು ಹೊರಗೆ ತೆಗೆದು ಎಳೆ ಸವೆದಿದೆಯಾ, ಬೋಲ್ಟ್ ಬಾಗಿದೆಯಾ, ಫ್ರೇಮಿನ ತೂತು ಅಗಲವಾಗಿದೆಯಾ ನೋಡಿ.